ಕಾರಿನ ಗಾಜು ಇಳಿಸಿ, ಕಾಲು ಇಳಿಸಬೇಡಿ

ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಕಾಡು ಅಂದ್ರೆ ಮರ. ಮರ ಇಲ್ಲ ಅಂದ್ರೆ ಅದು ಒಂದೋ ಗದ್ದೆ, ಇಲ್ಲಾ ದನ ಬಿಡೋ ಬ್ಯಾಣ. ಹಾಗಾಗಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಮೊದಲ ಸಲ ಹೋದಾಗ "ಇದೇನು ಮಾರಾಯ, ಇಷ್ಟು ಬೋಳು!" ಅಂದಿದ್ದೆ. ಈಗ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಮನಸ್ಸು ಓಡೋದೇ ಆ ಬೋಳಿನ ಕಡೆಗೆ!

ಇದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್, ಆಂಧ್ರದ ಗಡಿಯ ಪಕ್ಕದಲ್ಲೇ. 2007ರಲ್ಲಿ ಘೋಷಣೆಯಾಯಿತು. ಇರೋದು ಬರೀ 798 ಎಕರೆ. ಹುಲ್ಲು, ಅಲ್ಲಲ್ಲಿ ನೀಲಗಿರಿ, ಸುತ್ತ ಹೊಲಗಳು, ಅಷ್ಟೇ.

ಇಲ್ಲಿ ಫೋಟೋ ತೆಗೆಯೋರಿಗೆ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ. ಆದರೆ ಕಾರಿದೆಯಲ್ಲ! ಎರಡು ಕಾಲಿನ ಆಕೃತಿ ಕಂಡರೆ ಕೃಷ್ಣಮೃಗಗಳು ಓಟ ಕೀಳುತ್ತವೆ. ಅದೇ ಸುಮ್ಮನೆ ನಿಂತ ಕಾರಿಗೆ ಸ್ವಲ್ಪ ಹೊತ್ತಿನಲ್ಲೇ ಒಗ್ಗಿಕೊಂಡು ಮೇಯೋಕೆ ಶುರು ಮಾಡುತ್ತವೆ. ಎಂಜಿನ್ ಆಫ್ ಮಾಡಿ, ಇಲ್ಲದಿದ್ದರೆ ಆ ನಡುಕಕ್ಕೇ ಫೋಟೋ ಅಲುಗಾಡುತ್ತದೆ. ಲೆನ್ಸ್ ಇಡೋಕೆ ಟ್ರೈಪಾಡ್ ಬೇಡ. ನಾನು ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ರಾಗಿ ತುಂಬಿ, ಎರಡೂ ಬಾಯಿ ಹೊಲಿದು ಕಿಟಕಿ ಮೇಲೆ ಹಾಕಿಕೊಳ್ತೀನಿ. "ತಿನ್ನೋ ಧಾನ್ಯಾನ ಯಾರಾದ್ರೂ ಪ್ಯಾಂಟಿಗೆ ತುಂಬ್ತಾರಾ?" ಅಂತ ಅಮ್ಮ ಫೋನಿನಲ್ಲೇ ಬೈದಳು.

ಈ ಏಪ್ರಿಲ್‌ನಲ್ಲಿ ಹೋಗಿದ್ದು ಗೆಳೆಯನ ಕಾರಿನಲ್ಲಿ. ಮುಂದಿನ ವಾರವೇ ಅವನು ಆನ್‌ಸೈಟ್‌ಗೆ ಹೊರಟಿದ್ದ. ಮತ್ತೆ ಯಾವಾಗ ಬರ್ತಾನೋ ಗೊತ್ತಿಲ್ಲ. ಹೋಗೋದರೊಳಗೆ ಕೃಷ್ಣಮೃಗ ಗಾಳಿಯಲ್ಲಿ ನೆಗೆಯೋ ಒಂದು ಫೋಟೋ ಬೇಕು ಅನ್ನೋದು ಅವನ ಹಟ.

ರಾತ್ರಿ ಉಳಿದುಕೊಂಡಿದ್ದು ಸಂರಕ್ಷಿತ ಪ್ರದೇಶದ ಹೊರಗೆ, ಒಬ್ಬ ಅಜ್ಜನ ಹೊಲದ ಕಣದಲ್ಲಿ, ಅವರನ್ನು ಕೇಳಿಕೊಂಡು. ಹಿಂದಿನ ಸೀಟು ಮಡಚಿದರೆ ಇಬ್ಬರಿಗೆ ಹಾಸಿಗೆ. ಒಲೆ ಹಚ್ಚಲಿಲ್ಲ, ಏಪ್ರಿಲ್ ಹುಲ್ಲಿಗೆ ಒಂದು ಕಿಡಿ ಸಾಕು. ಕಟ್ಟಿಕೊಂಡು ಹೋಗಿದ್ದ ಚಪಾತಿ ತಿನ್ನುತ್ತಿದ್ದಾಗ ಅಜ್ಜ ಬಂದು ಕೂತರು.

"ಜಿಂಕೆ ಫೋಟೋಕ್ಕೆ ಅಷ್ಟು ದೂರದಿಂದ ಬಂದ್ರಾ? ಮಳೆಗಾಲದಾಗೆ ನಮ್ ಕಡ್ಲೇಕಾಯಿ ಹೊಲಕ್ಕೆ ಬನ್ನಿ ಸ್ವಾಮಿ. ಕರೆಯೋದೇ ಬ್ಯಾಡ, ಅವೇ ಬತ್ತಾವೆ."

"ಓಡಿಸಲ್ವಾ ಅಜ್ಜಾ?"

"ಹೊಲಕ್ಕೆ ಬಂದ್ರೆ ಓಡಿಸ್ತೀವಿ, ಇನ್ನೇನ್ ಮಾಡಾದು. ಅವುಗಳ ಹುಲ್ಲಾಗೆ ಅವು ಇದ್ರೆ ನಮ್ಗೇನು?"

ಬೆಳಗ್ಗೆ ಒಳಗೆ ಹೋದಾಗ ಸುಮಾರು ಮೂವತ್ತರ ಹಿಂಡು ಸಿಕ್ಕಿತು. ಮಧ್ಯೆ ಕಪ್ಪು ಬೆನ್ನಿನ, ತಿರುಪು ಕೊಂಬಿನ ಒಂದು ಗಂಡು. ಬಿಸಿಲು ಎಳೆಯದಿತ್ತು. ಎಲ್ಲಾ ಇತ್ತು, ನೆಗೆತ ಒಂದು ಬಿಟ್ಟು. ಅವು ಪಾಡಿಗೆ ಅವು ಮೇಯುತ್ತಿದ್ದವು.

"ಸ್ವಲ್ಪ ಹುಲ್ಲಿನೊಳಗೆ ಓಡಿಸಿದ್ರೆ ಸಾಕು ಕಣೋ, ಎಲ್ಲಾ ನೆಗೀತಾವೆ. ನೋಡಲ್ಲಿ, ಬೇರೆಯವರೂ ಹೋಗಿದ್ದಾರೆ," ಅಂದ ಗೆಳೆಯ. ನಿಜ, ಹುಲ್ಲಿನ ಮೇಲೆ ಯಾರದೋ ಚಕ್ರದ ಗುರುತಿತ್ತು. ಅವನು ಸ್ಟೇರಿಂಗ್ ತಿರುಗಿಸಿಯೂ ಆಯಿತು.

ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಹಿಂಡಿನ ಜೊತೆ ಓಡುವುದಿಲ್ಲ. ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಅಲುಗಾಡದೆ ಬಿದ್ದಿರುವುದೇ ಮರಿಗೆ ಗೊತ್ತಿರುವ ಏಕೈಕ ರಕ್ಷಣೆ. ನರಿ ಬಂದರೂ ಅಷ್ಟೇ, ಕಾರು ಬಂದರೂ ಅಷ್ಟೇ. ಸಾಲದ್ದಕ್ಕೆ ಮಳೆಗೆ ಮುಂಚಿನ ಈ ತಿಂಗಳುಗಳೇ ಹಳದಿ ಟಿಟ್ಟಿಭ ಮೊಟ್ಟೆ ಇಡೋ ಕಾಲ. ಬರೀ ನೆಲದ ಮೇಲೆ, ಮಣ್ಣಿನದೇ ಬಣ್ಣದ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಚಕ್ರಕ್ಕೆ ಇದೆಲ್ಲ ಎಲ್ಲಿ ಕಾಣಬೇಕು?

ಇಷ್ಟೆಲ್ಲ ಹೇಳೋ ವ್ಯವಧಾನ ಇರಲಿಲ್ಲ. "ನೀನು ಹೋಗೋದಾದ್ರೆ ನಾನು ಇಲ್ಲೇ ಇಳೀತೀನಿ," ಅಂದೆ.

ನಾನು ಇಳಿದರೆ ಹಿಂಡು ಆಚೆ ಹೊಲ ಸೇರುತ್ತಿತ್ತು! ಅದು ಅವನಿಗೂ ಗೊತ್ತು. "ಬ್ಲ್ಯಾಕ್‌ಮೇಲ್ ಮಾಡ್ತಿದೀಯ," ಅಂತ ಎಂಜಿನ್ ಆಫ್ ಮಾಡಿದ. ಎಂಟು ವರ್ಷದ ಗೆಳೆತನ... ಕಾಲೇಜು ಹಾಸ್ಟೆಲ್ಲಿನಲ್ಲೂ ನಾವು ಅಷ್ಟು ಹೊತ್ತು ಮಾತಿಲ್ಲದೆ ಅಕ್ಕಪಕ್ಕ ಕೂತಿದ್ದಿಲ್ಲ.

ನಲವತ್ತು ನಿಮಿಷ ಕಳೆದಿರಬೇಕು. ಒಂದು ಹೆಣ್ಣು ಹಿಂಡು ಬಿಟ್ಟು ನಮ್ಮ ಬಲಗಡೆಯ ಹುಲ್ಲಿಗೆ ಬಂದು ನಿಂತಿತು. ಬುಡದಲ್ಲಿ ಏನೋ ಅಲುಗಾಡಿತು. ಕಡ್ಡಿ ಕಾಲಿನ ಒಂದು ಮರಿ ತಡವರಿಸಿಕೊಂಡು ಎದ್ದು, ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯತೊಡಗಿತು.

ಕಾರು ಹೋಗಬೇಕಿದ್ದ ದಾರಿಯಲ್ಲೇ ಅದು ಮಲಗಿತ್ತು ಅಂತ ನಾನು ಹೇಳುತ್ತಿಲ್ಲ. ಅದು ಇದ್ದಿದ್ದು ಬೇರೆ ದಿಕ್ಕಿನಲ್ಲಿ. ಆದರೆ ಅಷ್ಟೂ ಹೊತ್ತು ನಾವಿಬ್ಬರೂ ಆ ಹುಲ್ಲನ್ನೇ ನೋಡುತ್ತಿದ್ದೆವು, ಅದೂ ದೊಡ್ಡ ಲೆನ್ಸ್ ಇಟ್ಟುಕೊಂಡು. ಅದು ಏಳುವ ತನಕ ಅಲ್ಲೊಂದು ಜೀವ ಇದೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಗೆಳೆಯ ಒಂದೇ ಸಮನೆ ಕ್ಲಿಕ್ಕಿಸಿದ. ಅಷ್ಟರಲ್ಲಿ ಬಿಸಿಲೇರಿ ನೆಲದಿಂದ ಝಳ ಏಳುತ್ತಿತ್ತು. ಆ ಝಳದಲ್ಲಿ ಎಂಥ ದುಬಾರಿ ಲೆನ್ಸ್ ಇದ್ದರೂ ಚಿತ್ರ ನೀರಿನಲ್ಲಿ ಕಲಸಿದ ಹಾಗೆ ಬರುತ್ತದೆ. ಒಂದೂ ಶಾರ್ಪ್ ಇರಲಿಲ್ಲ. ಗೌರಿಬಿದನೂರು ಬರೋ ತನಕ ಅವನು ಮಾತಾಡಲಿಲ್ಲ. ಅಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿ, "ಟೀ ದುಡ್ಡು ನೀನೇ ಕೊಡು," ಅಂದ. ಕೊಟ್ಟೆ. ನೆಗೆತದ ಫೋಟೋ ಇಲ್ಲದೆಯೇ ವಿಮಾನ ಹತ್ತಿದ.

ನೀವೂ ಹೋಗೋದಾದ್ರೆ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ, ಅನುಮತಿ ಪಡೆದು ಹೋಗಿ. ಒಂಬತ್ತರೊಳಗೆ ಫೋಟೋ ಮುಗಿಸಿ. ದಾರಿ ಬಿಟ್ಟು ಚಕ್ರ ಇಳಿಸಬೇಡಿ, ಹಳೇ ಗುರುತು ಇದ್ದರೂ ಸರಿ. ಸುತ್ತಲಿನ ಹೊಲದವರನ್ನು ಮಾತಾಡಿಸಿ. ಈ ಪ್ರಾಣಿಗಳ ಮೇವಿನ ಖರ್ಚಿನಲ್ಲಿ ಅವರದೂ ಪಾಲಿದೆ.

ರಾಗಿ ಚೀಲ ಬೇಕಿದ್ದರೆ ಹೇಳಿ. ಪ್ಯಾಂಟಿನ ಇನ್ನೊಂದು ಕಾಲು ಹಾಗೇ ಇದೆ.