ಕೈ ಪಳಗುವ ಕಾಲ

ವಿಶ್ವವಿದ್ಯಾನಿಲಯಗಳ ಪರೀಕ್ಷಾಫಲಗಳು ಪ್ರಕಟವಾಗಿ, ಪದವೀಧರರಾದ ತರುಣ ತರುಣಿಯರು ಪ್ರಮಾಣಪತ್ರಗಳ ಕಡತವನ್ನು ಹಿಡಿದು ಉದ್ಯೋಗವನ್ನರಸಿ ಹೊರಡುವ ಕಾಲವು ಪ್ರತಿವರ್ಷವೂ ಬರುತ್ತದೆ, ಆಗ ನನ್ನ ಬಳಿಗೆ ಬರುವ ಕಿರಿಯರಲ್ಲಿ ಒಬ್ಬರಾದರೂ ಕೇಳದೆ ಬಿಡದ ಪ್ರಶ್ನೆಯೊಂದುಂಟು: "ಎಲ್ಲಿ ಹೋದರೂ ಅನುಭವವಿದೆಯೇ ಎಂದು ವಿಚಾರಿಸುತ್ತಾರೆ, ಯಾರೂ ಕೆಲಸವನ್ನೇ ಕೊಡದಿದ್ದರೆ ಅನುಭವವನ್ನು ನಾವು ತರುವುದೆಲ್ಲಿಂದ?" ಈ ಪ್ರಶ್ನೆಯಲ್ಲಿ ನೋವಿದೆ, ನ್ಯಾಯವೂ ಇದೆ. ಇದಕ್ಕೆ ಉತ್ತರ ಹೇಳಬೇಕಾದರೆ, ಅನುಭವವೆಂದು ಲೋಕವು ಇಷ್ಟೊಂದು ಆಗ್ರಹದಿಂದ ಕೇಳುತ್ತಿರುವ ವಸ್ತು ಯಾವುದು, ಓದಿನಿಂದ ದೊರೆಯದ ಯಾವುದನ್ನು ಅದು ನೀಡುತ್ತದೆ ಎಂಬುದನ್ನು ಮೊದಲು ವಿಚಾರ ಮಾಡಬೇಕಾಗುತ್ತದೆ.

ವಿದ್ಯಾರ್ಥಿದಶೆಯಲ್ಲಿ ನಾವು ಮಾಡುವ ತಪ್ಪಿನ ಫಲವನ್ನು ಅನುಭವಿಸುವವರು ನಾವೇ. ನೂರಕ್ಕೆ ಮೂವತ್ತೈದು ಅಂಕ ಗಳಿಸಿದವನು ಉತ್ತೀರ್ಣನೆನಿಸಿಕೊಂಡು ಮುಂದಿನ ತರಗತಿಗೆ ಹೋಗುತ್ತಾನೆ. ಅವನು ಬರೆಯದೆ ಬಿಟ್ಟ ಉತ್ತರಗಳಿಂದ ಊರಿನಲ್ಲಿ ಯಾರೊಬ್ಬರಿಗೂ ಹಾನಿಯಾಗುವುದಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಈ ಲೆಕ್ಕ ಬದಲಾಗುತ್ತದೆ. ನಮ್ಮ ಅಲಕ್ಷ್ಯದ ಭಾರ ಆಗ ಪರರ ಹೆಗಲಿಗೆ ಬೀಳುತ್ತದೆ, ಆ ಪರರು ಅನೇಕ ವೇಳೆ ನಮ್ಮ ಮುಖವನ್ನೂ ನೋಡಿರದವರಾಗಿರುತ್ತಾರೆ. ಹಸ್ತಕೌಶಲ, ವ್ಯವಹಾರಜ್ಞಾನ, ಸಮಯಪಾಲನೆ ಎಂದು ಅನುಭವದ ಲಾಭಗಳನ್ನು ಎಣಿಸುವವರು ಎಣಿಸಲಿ. ನನ್ನ ಮಟ್ಟಿಗೆ ಅವೆಲ್ಲಕ್ಕೂ ಮೂಲವಾದದ್ದು, ನಾನು ಮಾಡುವ ಕೆಲಸವನ್ನು ನಂಬಿ ಇನ್ನೊಬ್ಬರು ಬದುಕುತ್ತಿದ್ದಾರೆಂಬ ಅರಿವೇ ಆಗಿದೆ.

ನಾನು ಕಾನೂನಿನ ಪದವಿಯನ್ನು ಪಡೆದು ಜಿಲ್ಲಾಕೇಂದ್ರವೊಂದರಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರಾಗಿ ಸೇರಿದಾಗ, ಅವರು ನನಗೆ ಒಪ್ಪಿಸಿದ ಕೆಲಸಗಳಲ್ಲಿ ವಾಗ್ವೈಭವಕ್ಕೆ ಅವಕಾಶವಿರುವಂಥದು ಒಂದೂ ಇರಲಿಲ್ಲ. ಕೇಸಿನ ಕಟ್ಟುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡುವುದು, ವಾಯಿದೆಯ ತಾರೀಖನ್ನು ಡೈರಿಯಲ್ಲಿ ಗುರುತು ಹಾಕುವುದು, ನಕಲಿಗೆ ಅರ್ಜಿ ಕೊಡುವುದು, ಸಮನ್ಸು ಜಾರಿಯಾಗಲು ಬೇಕಾದ ಪ್ರೊಸೆಸ್ ಫೀ ಕಟ್ಟುವುದು, ಇವೇ ನನ್ನ ನಿತ್ಯಕರ್ಮಗಳಾಗಿದ್ದುವು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 2ನೆಯ ನಿಯಮವನ್ನು ನಾನು ಕಾಲೇಜಿನಲ್ಲಿ ಓದಿದ್ದೆನು. ವಾದಿಯು ಆ ಶುಲ್ಕವನ್ನು ಕಟ್ಟದ ಕಾರಣದಿಂದ ಪ್ರತಿವಾದಿಗೆ ಸಮನ್ಸು ಜಾರಿಯಾಗದೆ ಹೋದರೆ ನ್ಯಾಯಾಲಯವು ದಾವೆಯನ್ನೇ ವಜಾ ಮಾಡಬಹುದೆಂದು ಅದು ಹೇಳುತ್ತದೆ. ಆಗ ಅದು ನನಗೆ ಕಂಠಪಾಠದ ಒಂದು ವಾಕ್ಯವಾಗಿತ್ತು, ಅಷ್ಟೆ. ಆದರೆ ಅಲ್ಪಸ್ವಲ್ಪ ಜಮೀನಿನ ಹಕ್ಕಿಗಾಗಿ ಹೋರಾಡುತ್ತಿದ್ದ ರೈತನೊಬ್ಬನ ಕಟ್ಟು ನನ್ನ ಕೈಗೆ ಬಂದು, ನಾನೊಬ್ಬನು ಮೈಮರೆತರೆ ಅವನ ದಾವೆಯೇ ಬಿದ್ದುಹೋಗಬಹುದೆಂಬುದು ಮನಸ್ಸಿಗೆ ಹೊಳೆದಾಗ, ಅದೇ ವಾಕ್ಯವು ರಾತ್ರಿ ಮಲಗುವ ಮುನ್ನ ಡೈರಿಯನ್ನು ಮತ್ತೊಮ್ಮೆ ತೆರೆದು ನೋಡುವಂತೆ ಮಾಡುವ ಶಕ್ತಿಯನ್ನು ಪಡೆಯಿತು.

ನಮ್ಮ ಹಿರಿಯರು ಕಾನೂನಿನ ಸೂಕ್ಷ್ಮಗಳನ್ನು ವಿಚಾರಿಸುವುದಕ್ಕೂ ಮೊದಲು, "ಈ ಕಕ್ಷಿಗಾರ ಯಾವ ಊರಿನವನಪ್ಪ? ಕೋರ್ಟು ಕೂಡುವ ಹೊತ್ತಿಗೆ ಇಲ್ಲಿರಬೇಕಾದರೆ ಅವನು ಮನೆ ಬಿಡಬೇಕಾದದ್ದು ಎಷ್ಟು ಹೊತ್ತಿಗೆ?" ಎಂದು ಕೇಳುತ್ತಿದ್ದರು. ಸಿದ್ಧತೆಯಿಲ್ಲದೆ ನಾವು ಕೇಳುವ ಒಂದೊಂದು ವಾಯಿದೆಗೂ ಯಾರೋ ಒಬ್ಬರು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ತೆರುತ್ತಾರೆಂಬುದನ್ನು ಅವರು ಉಪದೇಶದ ರೂಪದಲ್ಲಿ ಎಂದೂ ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ತಿಳಿದುಕೊಂಡು ಬರಬೇಕಾದ ಹೊಣೆಯನ್ನು ನನಗೆ ವಹಿಸಿದರು, ಅಷ್ಟರಿಂದಲೇ ಪಾಠವಾಯಿತು. ಪಾಟೀಸವಾಲಿನ ಕಲೆಯನ್ನೂ ನಾನು ಕಲಿತದ್ದು ಅವರ ಹಿಂದೆ ಕುಳಿತು ಕೇಳಿದ್ದರಿಂದಲೇ. ಸಾಕ್ಷಿಯ ಬಾಯಿಂದ ಬೇಕಾದ ಮಾತು ಹೊರಟ ಕೂಡಲೇ ಅವರು ಸುಮ್ಮನಾಗಿ ಕುಳಿತುಬಿಡುತ್ತಿದ್ದರು. ಇನ್ನೊಂದೇ ಪ್ರಶ್ನೆಯನ್ನು ಕೇಳಬೇಕೆಂಬ ಚಪಲವನ್ನು ನಿಗ್ರಹಿಸುವ ಆ ಸಂಯಮವು ಯಾವ ಪಠ್ಯಪುಸ್ತಕದಿಂದಲೂ ನನಗೆ ದೊರೆತಿರಲಿಲ್ಲ.

ಇದು ನ್ಯಾಯಾಲಯದ ಆವರಣಕ್ಕೆ ಮಾತ್ರ ಸೀಮಿತವಾದ ಮಾತಲ್ಲ. ವೈದ್ಯವಿದ್ಯಾರ್ಥಿಯು ನಾಲ್ಕೂವರೆ ವರ್ಷ ಓದಿ ಪರೀಕ್ಷೆಗಳೆಲ್ಲವನ್ನೂ ದಾಟಿದ ಮೇಲೂ ಒಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿಯದೆ ಸ್ವತಂತ್ರ ವೈದ್ಯನಾಗಲಾರನು. ಜ್ವರದಿಂದ ಬಳಲಿದ ಮಗುವಿನ ಎಳೆಯ ಕೈಯಲ್ಲಿ ರಕ್ತನಾಳವನ್ನು ಹುಡುಕುವ ಹೌಸ್ ಸರ್ಜನನಿಗೆ, ಬಹುಕಾಲದಿಂದ ಆ ವಾರ್ಡಿನಲ್ಲಿರುವ ಸಿಸ್ಟರೇ ಆಗ ಗುರು. ಐ.ಟಿ.ಐ.ಯಲ್ಲಿ ಫಿಟ್ಟರ್ ವೃತ್ತಿಯನ್ನು ಕಲಿಯುವ ಹುಡುಗನಾದರೋ, ಕಬ್ಬಿಣದ ತುಂಡೊಂದನ್ನು ವೈಸಿಗೆ ಬಿಗಿದು ದಿನಗಟ್ಟಲೆ ಅರದಿಂದ ಉಜ್ಜುತ್ತಾನೆ. ಉಜ್ಜಿದ ಮುಖಕ್ಕೆ ಮೂಲೆಮಟ್ಟವನ್ನು ತಾಗಿಸಿ ಬೆಳಕಿನ ಕಡೆಗೆ ಹಿಡಿದಾಗ ನಡುವೆ ಕೂದಲೆಳೆಯಷ್ಟು ಬೆಳಕು ತೂರಿದರೂ ಮರಳಿ ವೈಸಿಗೆ ಹೋಗಬೇಕು. ಇಷ್ಟು ಸಣ್ಣ ಓರೆಗೆ ಇಷ್ಟು ಶಿಕ್ಷೆಯೇ ಎಂದು ಅವನಿಗೆ ಆರಂಭದಲ್ಲಿ ತೋರಿದರೆ ಆಶ್ಚರ್ಯವಿಲ್ಲ. ತಾನು ಮಾಡಿದ ಭಾಗವು ಇನ್ನೊಬ್ಬನು ಮಾಡಿದ ಭಾಗದೊಡನೆ ಹೊಂದಿಕೊಂಡರಷ್ಟೇ ಯಂತ್ರವು ನಡೆಯುತ್ತದೆಂಬುದು ಕಾರ್ಖಾನೆಗೆ ಹೋದ ಮೇಲೆ ತಿಳಿದಾಗ, ಆ ಓರೆಯು ಅವನ ಕಣ್ಣಿಗೂ ದೊಡ್ಡದಾಗಿಯೇ ಕಾಣುತ್ತದೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನೆನೆದಾಗ ನಮ್ಮ ಕಣ್ಣೆದುರಿಗೆ ಬರುವುದು ಕನ್ನಂಬಾಡಿಯ ಅಣೆಕಟ್ಟು. ಆದರೆ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರರಾಗಿ ಸೇರಿದ ಆ ತರುಣರಿಗೆ ಆರಂಭದಲ್ಲಿ ಒದಗಿದ ಕೆಲಸಗಳಲ್ಲೊಂದು, ಖಾನ್‌ದೇಶದ ಪಾಂಝರಾ ನದಿಗೆ ಅಡ್ಡಲಾಗಿ ಕೊಳವೆಯ ಸೈಫನ್ ಒಂದನ್ನು ನಿರ್ಮಿಸುವುದಾಗಿತ್ತು. ಮಳೆಯಿಂದ ಕೆಲಸಕ್ಕೆ ಅಡ್ಡಿಯಾದಾಗ ಅದನ್ನು ಮುಂದೂಡಬೇಕೆಂದು ಅವರು ಬರೆದರು. ಮೇಲಧಿಕಾರಿಗಳು ಅದಕ್ಕೆ ಸಮ್ಮತಿಸಲಿಲ್ಲ. ವಿಶ್ವೇಶ್ವರಯ್ಯನವರು ಮತ್ತೆ ಕಾರ್ಯಮಗ್ನರಾಗಿ ಅದನ್ನು ಪೂರ್ಣಗೊಳಿಸಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರ ಸ್ವಯಂಚಾಲಿತ ಬಾಗಿಲುಗಳು ಬಂದದ್ದು 1903ರಲ್ಲಿ, ಮೈಸೂರಿಗೆ ಅವರು ಮುಖ್ಯ ಎಂಜಿನಿಯರರಾಗಿ ಬಂದದ್ದು 1909ರಲ್ಲಿ, ಕನ್ನಂಬಾಡಿಯ ಕಾಮಗಾರಿ ಮೊದಲಾದದ್ದು 1911ರಲ್ಲಿ. ಪಾಂಝರೆಯ ದಡದಿಂದ ಕಾವೇರಿಯ ದಡಕ್ಕೆ ಬರಲು ಕಾಲು ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು. ಆ ಕಾಲವೆಲ್ಲವೂ ನೀರಿನ ಸ್ವಭಾವವನ್ನು ನೀರಿನ ಬಳಿಯೇ ನಿಂತು ಅರಿತ ಕಾಲವಾಗಿತ್ತು. ಪರೀಕ್ಷೆಯಲ್ಲಿ ಪ್ರಥಮಸ್ಥಾನ ಗಳಿಸಿದ್ದವರಿಗೂ ಆ ಅವಧಿ ಅವಶ್ಯವಾಗಿತ್ತೆಂಬುದನ್ನು, ದೊಡ್ಡ ಕೆಲಸವೇ ಮೊದಲು ದೊರೆಯಲೆಂದು ಹಂಬಲಿಸುವ ತರುಣರು ನೆನೆಯಬೇಕು. ಆ ಹೊಸಬರ ಕೈಗೆ ನದಿಯ ಕೆಲಸವೊಂದನ್ನು ಒಪ್ಪಿಸಲು ಒಂದು ಇಲಾಖೆ ಸಿದ್ಧವಿತ್ತೆಂಬುದನ್ನು ಹಿರಿಯರೂ ನೆನೆಯಬೇಕು.

ಈ ಎರಡನೆಯ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಅನುಭವವನ್ನು ಯಾರೂ ಒಬ್ಬಂಟಿಯಾಗಿ ಸಂಪಾದಿಸಲಾರರು. ತನ್ನ ಕೆಲಸದ ಒಂದು ಪಾಲನ್ನು ಹೊಸಬನ ಕೈಗಿತ್ತು, ಅವನು ಎಡವದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಹಿರಿಯನೊಬ್ಬನು ಇದ್ದರೆ ಮಾತ್ರ ಅದು ಸಾಧ್ಯ. 1961ರ ಅಪ್ರೆಂಟಿಸ್ ಕಾಯ್ದೆಯು ಉದ್ಯಮಗಳಲ್ಲಿ ತರಬೇತಿಗೆ ವ್ಯವಸ್ಥೆಯನ್ನು ಕಲ್ಪಿಸಿ, ಕಲಿಯುವವನಿಗೆ ಸ್ಟೈಪೆಂಡ್ ಕೊಡಲೇಬೇಕೆಂದು ವಿಧಿಸಿತು. 1973ರ ತಿದ್ದುಪಡಿಯು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ತಂದಿತು. ಕಲಿಯುವವನಿಗೂ ಹಸಿವುಂಟೆಂಬ ಸತ್ಯವನ್ನು ಕಾನೂನು ಅಂಗೀಕರಿಸಿದ ಮೇಲೂ, "ಅನುಭವ ದೊರೆಯುತ್ತದೆ, ಅದೇ ಸಂಬಳ" ಎಂದು ಹೇಳಿ ಕಿರಿಯರನ್ನು ವರ್ಷಗಟ್ಟಲೆ ದುಡಿಸಿಕೊಳ್ಳುವ ರೂಢಿಯು ಅನೇಕ ವೃತ್ತಿಗಳಲ್ಲಿ, ನನ್ನ ವೃತ್ತಿಯಲ್ಲಿಯೂ, ಉಳಿದುಕೊಂಡು ಬಂದಿದೆ. ಹೀಗಾದಾಗ ಮನೆಯಲ್ಲಿ ಅನುಕೂಲವಿದ್ದವನು ಮಾತ್ರ ಅನುಭವಿಯಾಗುತ್ತಾನೆ; ಬಡವರ ಮನೆಯ ಪ್ರತಿಭಾವಂತಳು ಆ ಬಾಗಿಲಿನಿಂದಲೇ ಹಿಂದಿರುಗುತ್ತಾಳೆ. ಇದು ಆಕೆಗೆ ಅನ್ಯಾಯ, ಆಕೆಯ ಸೇವೆ ದೊರೆಯಬೇಕಾಗಿದ್ದ ಸಮಾಜಕ್ಕೆ ನಷ್ಟ.

ಆದುದರಿಂದ, ನನ್ನ ಬಳಿಗೆ ಬರುವ ಕಿರಿಯರಿಗೆ ನಾನು ಹೇಳುವುದು ಇಷ್ಟು. ಮೊದಲ ಕೆಲಸವನ್ನು ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಮಿಗಿಲಾಗಿ, ನಿಮ್ಮ ಕೆಲಸವನ್ನು ತಿದ್ದುವವರು ಯಾರು, ನಿಮ್ಮ ಕೆಲಸವನ್ನು ನೆಚ್ಚಿಕೊಂಡವರನ್ನು ಕಣ್ಣಾರೆ ಕಾಣುವ ಅವಕಾಶವಿದೆಯೇ ಎಂಬುದನ್ನು ವಿಚಾರಿಸಿರಿ. ಅದು ದೊರೆಯುವ ಕಡೆಯಲ್ಲಿ ಕೆಲಸವು ಎಷ್ಟು ಅಲ್ಪವಾಗಿ ಕಂಡರೂ ಶ್ರದ್ಧೆಯಿಂದ ಮಾಡಿರಿ. ಉದ್ಯೋಗ ನೀಡುವ ಸ್ಥಾನದಲ್ಲಿರುವ ನನ್ನ ವಯಸ್ಸಿನವರಲ್ಲಿಯೂ ನನ್ನದೊಂದು ಪ್ರಾರ್ಥನೆಯುಂಟು. ಅನುಭವವಿಲ್ಲದ ನಮ್ಮನ್ನು ಅಂದು ಯಾರೋ ಒಬ್ಬರು ಒಳಗೆ ಕರೆದು ಕುಳ್ಳಿರಿಸಿದ್ದರಿಂದಲೇ ನಾವು ಇಂದು ಅನುಭವಿಗಳೆನಿಸಿಕೊಂಡಿದ್ದೇವೆ. ಆ ಋಣವು ಕೊಟ್ಟವರಿಗೆ ಹಿಂದಿರುಗಿಸಿ ತೀರುವಂಥದಲ್ಲವಾದ ಕಾರಣ, ನಮ್ಮ ಬಾಗಿಲಿಗೆ ಬಂದ ಹೊಸಬರಿಗೆ ಜೀವನಕ್ಕೆ ಸಾಕಾಗುವಷ್ಟು ವೇತನವನ್ನೂ, ನಮ್ಮ ಸಮಯದ ಒಂದು ಭಾಗವನ್ನೂ ಕೊಟ್ಟು ಅದನ್ನು ತೀರಿಸೋಣ.