ಟಿಟ್ವಾಳಾದಲ್ಲಿ ನಮ್ಮ ಹಳೆಯ ಬೊಲೆರೊ

ಕಲ್ಯಾಣದಿಂದ ಕಸಾರಾದ ಕಡೆಗೆ ಹೊರಟ ಲೋಕಲ್ ಗಾಡಿ ಶಹಾಡ, ಅಂಬಿವಲಿಗಳನ್ನು ದಾಟಿದ ಮೇಲೆ ಬರುವ ಊರೇ ಟಿಟ್ವಾಳಾ. ಮುಂಬಯಿಯ ಜನ ಇದನ್ನು ಬಲ್ಲುದು ಮಹಾಗಣಪತಿಯಿಂದ. ಅಂಗಾರಕ ಸಂಕಷ್ಟಿಯ ದಿನ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕಣ್ವ ಮುನಿಗಳ ಆಶ್ರಮ ಇಲ್ಲಿಯೇ ಇತ್ತೆಂದು ಊರವರ ನಂಬಿಕೆ. ನಾವು ಡೊಂಬಿವಲಿಯ ಬಾಡಿಗೆಯ ಮನೆ ಬಿಟ್ಟು ಇಲ್ಲಿಗೆ ಬಂದುದು ಮಾತ್ರ ಕಣ್ವರನ್ನು ಹುಡುಕಿಕೊಂಡಲ್ಲ, ಕೈಗೆಟಕುವ ಬೆಲೆಯ ಮನೆಯನ್ನು ಹುಡುಕಿಕೊಂಡು.

ಮನೆಯ ಬೆನ್ನಿಗೇ ಒಂದು ಹಳೆಯ ಬೊಲೆರೊ ಕೂಡ ಬಂದು ಸೇರಿತು. ಅಮ್ಮನಿಗೆ ಮೊಣಕಾಲು ನೋವು; ಗದ್ದಲದ ರೈಲು ಹತ್ತಲಾರರು. ಚೌತಿಗೆ ಅಂಕೋಲೆಯ ಮನೆಗೆ ಹೋಗದೆ ಇರಲೂ ಆರರು. ಬೊಲೆರೊದ ಮೆಟ್ಟಿಲೂ ಎತ್ತರವೇ, ಆದರೆ ಅಲ್ಲಿ ಹಿಂದಿನಿಂದ ನೂಕುವವರಿಲ್ಲ. ಹದಿನೈದು ವರ್ಷ ತುಂಬಿ, ಪರೀಕ್ಷೆ ಮುಗಿಸಿ, ಹಸಿರು ತೆರಿಗೆ ತೆತ್ತು, ಇನ್ನೈದು ವರ್ಷದ ಆಯುಷ್ಯ ಪಡೆದ ಗಾಡಿ ಅದು. ಹುಟ್ಟಿದ್ದು ನಾಸಿಕದ ಕಾರ್ಖಾನೆಯಲ್ಲಿ, ಅಂದರೆ ನಮ್ಮದೇ ರೈಲು ದಾರಿಯ ಮೇಲೆ. ತವರು ಹತ್ತಿರವಾದುದರಿಂದಲೋ ಏನೋ, ಕಳೆದ ಮಳೆಗಾಲದಲ್ಲಿ ಮುನಿಸಿಕೊಂಡಿತು. ಬೆಳಿಗ್ಗೆ ಎಷ್ಟು ಕೀಲಿ ತಿರುಗಿಸಿದರೂ ಎಂಜಿನ್ ಏಳದು. ಎದ್ದರೂ ಎರಡು ನಿಮಿಷದಲ್ಲಿ ಮಲಗುವುದು.

ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, "ಪಂಪು ಇಳಿಸಬೇಕು, ಹದಿನೆಂಟು ಸಾವಿರ" ಎಂದ. ಅಷ್ಟು ಸುರಿಯುವ ಬದಲು ಮಾರಿಬಿಡುವುದೇ ಲೇಸೆಂದು ಮನೆಯಲ್ಲಿ ಚರ್ಚೆಯಾಯಿತು. ಅಮ್ಮ ಒಳಗಿನಿಂದಲೇ, "ಮಾರೂದಾದ್ರೆ ಮಾರ್ರೋ, ಚೌತಿ ಒಂದು ಮುಗೀಲಿ" ಎಂದರು. ಚೌತಿಗೆ ಇನ್ನು ಇಪ್ಪತ್ತು ದಿನವಿತ್ತು.

ಗಾಡಿಯೊಡನೆ ಕೊಡುವ ಸಣ್ಣ ಪುಸ್ತಕ ದೀಪ ಹೇಗೆ ಹಚ್ಚಬೇಕು, ಚಕ್ರ ಹೇಗೆ ಬದಲಿಸಬೇಕು ಎಂಬಷ್ಟನ್ನೇ ಹೇಳುತ್ತದೆ. ನಮಗೆ ಬೇಕಾದುದು ಮೇಸ್ತ್ರಿಗಳು ಓದುವ ವರ್ಕ್‌ಶಾಪ್ ಮ್ಯಾನ್ಯುಅಲ್. ಒಂದು ಭಾನುವಾರ ಮಾಟುಂಗಾಕ್ಕೆ ಹೋಗಿ, ಇಡ್ಲಿ ತಿಂದು, ಕಿಂಗ್ಸ್ ಸರ್ಕಲಿನ ಕಾಲುದಾರಿಯ ಹಳೆಯ ಪುಸ್ತಕದವರನ್ನು ವಿಚಾರಿಸಿದೆವು. ಇಂಜಿನಿಯರಿಂಗ್ ಪಠ್ಯಗಳ ರಾಶಿಯ ಅಡಿಯಿಂದ ಒಬ್ಬಾತ ಎಣ್ಣೆಯ ಬೆರಳಚ್ಚುಗಳಿದ್ದ ದಪ್ಪ ಪುಸ್ತಕವನ್ನು ಎಳೆದು ಇನ್ನೂರೈವತ್ತು ಹೇಳಿದ. ಚೌಕಾಸಿ ಮಾಡುವ ಮುಂಚೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಎಂಜಿನ್ನಿನ ಜಾತಿ, ತಯಾರಾದ ವರ್ಷಗಳನ್ನು ತಾಳೆ ನೋಡಿದೆವು. ಗಾಡಿಯ ಹೆಸರು ಒಂದೇ ಆದರೂ ವರ್ಷ ಬೇರೆಯಾದರೆ ಒಳಗಿನ ಹೂರಣವೇ ಬೇರೆ. ವಾಚಕರು ಇದನ್ನು ಮರೆಯಬಾರದು.

ಆ ರಾತ್ರಿ ಮಗ ಇಂಗ್ಲಿಷ್ ಓದಿ ಹೇಳಿದ, ಉಳಿದವರು ಕೇಳಿದೆವು, ಪುರಾಣ ಶ್ರವಣದಂತೆ. ಪಂಪಿಗೆ ಕೈ ಹಚ್ಚುವ ಮುನ್ನ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದೆಯೇ ನೋಡಿ ಎಂದಿತ್ತು ಪುಸ್ತಕ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ; ಎಂಜಿನ್ ಎಳೆದುಕೊಳ್ಳುವಾಗ ಗಾಳಿಯೇ ಒಳಗೆ ನುಗ್ಗುತ್ತದೆ. ನೆಲ ಒಣಗಿದೆ, ಸೋರಿಕೆಯಿಲ್ಲ ಎಂದು ನಾವು ಸಮಾಧಾನಪಟ್ಟುಕೊಂಡಿದ್ದೆವು!

ಮರುದಿನ ಮಳೆ ನಿಂತ ಹೊತ್ತಿನಲ್ಲಿ ಫಿಲ್ಟರಿನ ಹತ್ತಿರ ಪೈಪನ್ನು ಬಗ್ಗಿಸಿ ನೋಡಿದರೆ, ಪಟ್ಟಿಯ ಬದಿಯಲ್ಲಿಯೇ ಕೂದಲೆಳೆಯಂಥ ಬಿರುಕು. ಕಲ್ಯಾಣದಿಂದ ಡೀಸೆಲ್ಲಿಗೆ ತಡೆಯುವ ಹೊಸ ಪೈಪು ತಂದೆವು. ಫಿಲ್ಟರಿನ ತಳದ ತಿರುಪು ಸಡಿಲಿಸಿ ತಂಗಿದ್ದ ನೀರನ್ನು ಡಬ್ಬಿಗೆ ಇಳಿಸಿದೆವು. ಬಳಿಕ ಮೇಲಿನ ತಿರುಪನ್ನು ಬಿಚ್ಚಿ, ಕೈಪಂಪು ಒತ್ತಿದಂತೆ ನೊರೆ ಬುಸಬುಸನೆ ಬಂತು. ಗುಳ್ಳೆಯಿಲ್ಲದ ಡೀಸೆಲ್ ಬಂದೊಡನೆ ತಿರುಪು ಬಿಗಿದು ಕೀಲಿ ತಿರುಗಿಸಿದೆವು. ಒಂದೇ ಏಟಿಗೆ ಎದ್ದಿತು. ಎದುರು ಮನೆಯ ಮರಾಠಿ ಕಾಕೂ ಕಿಟಕಿಯಿಂದ ಚಪ್ಪಾಳೆ ತಟ್ಟಿದರು.

ಅಂದಿನಿಂದ ಎಂಜಿನ್ ಆಯಿಲ್, ಫಿಲ್ಟರು, ಗ್ರೀಸು ನಮ್ಮ ಕೈಯಲ್ಲಿಯೇ ಆಗುತ್ತವೆ. ಬ್ರೇಕಿನ ತಂಟೆಗೆ ಹೋಗುವುದಿಲ್ಲ. ಅದು ಬಲ್ಲವರ ಕೆಲಸ. ಬರಿಯ ಜಾಕಿಯನ್ನು ನಂಬಿ ಗಾಡಿಯ ಅಡಿಗೆ ತೂರುವುದೂ ಇಲ್ಲ. ಹಳೆಯ ಆಯಿಲನ್ನು ಕಾಳು ನದಿಗೆ ಸೇರುವ ಮೋರಿಗೆ ಚೆಲ್ಲದೆ ಡಬ್ಬಿ ತುಂಬಿ ಗ್ಯಾರೇಜಿಗೆ ಕೊಡುತ್ತೇವೆ. ಮೇಸ್ತ್ರಿ ಈಗಲೂ ಸ್ನೇಹಿತನೇ, ಪಂಪಿನ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಚೌತಿಗೆ ಎರಡು ದಿನ ಮುಂಚೆ ಪನವೇಲಿನಿಂದ ಹೆದ್ದಾರಿ ಹಿಡಿದೆವು. ಅಮ್ಮ ದಾರಿಯುದ್ದಕ್ಕೂ ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ಅಂಕೋಲೆಯಲ್ಲಿ ಸೋದರಮಾವ ತಮ್ಮ ಹಳೆಯ ಜೀಪಿಗಾಗಿ ಅದನ್ನು ಎರವಲು ಕೇಳಿದರು. ಡೀಸೆಲ್ ಅಧ್ಯಾಯವನ್ನು ಪೇಟೆಯಲ್ಲಿ ಝೆರಾಕ್ಸ್ ಮಾಡಿಸಿ ಕೊಟ್ಟೆವು. ಪುಸ್ತಕ ಅಮ್ಮನ ತೊಡೆಯ ಮೇಲೆಯೇ ಟಿಟ್ವಾಳಾಕ್ಕೆ ಮರಳಿತು.