29-0 ಇದ್ದಾಗ ನಾವು ಇಡ್ಲಿ ತಿನ್ನೋಕೆ ಹೋಗಿದ್ವಿ

ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋ ಆಟ ಅಂತಲೇ ನಾವು ನಾಲ್ಕು ಜನ ಏಳನೇ ಸೆಮ್‌ವರೆಗೂ ನಂಬಿದ್ವಿ. 2023ರ ಆಗಸ್ಟ್‌ನಲ್ಲಿ ನಮ್ಮ ಸೀನಿಯರ್ ಅಕ್ಕ ಒಬ್ಬಳು ಎಂಎಸ್ ಮಾಡೋಕೆ ಅಮೆರಿಕದ ಬೌಲ್ಡರ್‌ಗೆ ಹೋದಳು. ಕಲ್ಪನಾ ಚಾವ್ಲಾ 1988ರಲ್ಲಿ ಪಿಎಚ್‌ಡಿ ಮುಗಿಸಿದ ಕೊಲೊರಾಡೊ ವಿಶ್ವವಿದ್ಯಾಲಯ ಇರೋದು ಅದೇ ಊರಲ್ಲಿ. ಹೋಗಿ ಎರಡು ವಾರಕ್ಕೇ ಅಕ್ಕನಿಂದ ಮೆಸೇಜ್: "ಇಲ್ಲಿ ಕ್ಲಾಸಿಗಿಂತ ಫುಟ್‌ಬಾಲ್ ಜಾಸ್ತಿ ಕಣ್ರೋ, ಶನಿವಾರ ನೋಡಿ."

ನೋಡಿದರೆ ಹೆಲ್ಮೆಟ್ ಹಾಕಿಕೊಂಡು ಕೈಯಲ್ಲಿ ಚೆಂಡು ಹಿಡಿದು ಓಡ್ತಾರೆ! ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಆಗ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತೆ. ಕೊನೆಯ ಗೆರೆ ದಾಟಿದರೆ 6 ಪಾಯಿಂಟ್. ಪಂದ್ಯಕ್ಕೆ ಮುಂಚೆ ರಾಲ್ಫಿ ಅನ್ನೋ ನಿಜವಾದ ಕಾಡೆಮ್ಮೆಯನ್ನು ಮೈದಾನದಲ್ಲಿ ಓಡಿಸ್ತಾರೆ. ತಂಡದ ಹೆಸರೇ ಬಫಲೋಸ್. ಎಮ್ಮೆ ತಂಡ ಅಂದ ಕೂಡಲೇ ನಮಗೆ ಆತ್ಮೀಯತೆ ಬಂತು.

ಆ ತಂಡದ ಕಥೆ ಇನ್ನೂ ಚೆನ್ನಾಗಿತ್ತು. 2022ರಲ್ಲಿ 12 ಪಂದ್ಯ ಆಡಿ ಗೆದ್ದದ್ದು ಒಂದೇ. ಆರ್‌ಸಿಬಿ ಅಭಿಮಾನಿಗಳಾದ ನಮಗೇ ಅಯ್ಯೋ ಅನ್ನಿಸೋ ದಾಖಲೆ. ಆಮೇಲೆ ಹೊಸ ಹೆಡ್ ಕೋಚ್ ಆಗಿ ಬಂದವರು ಡಿಯಾನ್ ಸ್ಯಾಂಡರ್ಸ್. ಆಡುವ ಕಾಲದಲ್ಲಿ ಫುಟ್‌ಬಾಲಿನ ಸೂಪರ್ ಬೌಲ್, ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಎರಡರಲ್ಲೂ ಆಡಿದ ಒಬ್ಬನೇ ಒಬ್ಬ ಆಟಗಾರ. ಅವರು ಬಂದ ಮೊದಲ ಸಭೆಯಲ್ಲೇ ಹಳೇ ಹುಡುಗರಿಗೆ ನೇರವಾಗಿ ಹೇಳಿಬಿಟ್ಟರು: ನನ್ನ ಲಗೇಜ್ ನಾನೇ ತರ್ತಾ ಇದ್ದೀನಿ, ನೀವು ಟ್ರಾನ್ಸ್‌ಫರ್ ಪೋರ್ಟಲ್ ನೋಡಿಕೊಳ್ಳೋದು ಒಳ್ಳೇದು, ಅನ್ನೋ ಅರ್ಥದಲ್ಲಿ. ಪೋರ್ಟಲ್ ಅಂದ್ರೆ ಕಾಲೇಜು ಬದಲಾಯಿಸಲು ಆಟಗಾರರು ಹೆಸರು ಹಾಕುವ ಪಟ್ಟಿ. 50ಕ್ಕೂ ಹೆಚ್ಚು ಜನ ಹೋದರು. 80ಕ್ಕೂ ಹೆಚ್ಚು ಹೊಸಬರು ಬಂದರು. ಕೋಚ್ ಮಗ ಶೆಡೂರ್ ಕ್ವಾರ್ಟರ್‌ಬ್ಯಾಕ್. ಟ್ರಾವಿಸ್ ಹಂಟರ್ ಅನ್ನೋನು ಅಟ್ಯಾಕ್, ಡಿಫೆನ್ಸ್ ಎರಡೂ ಆಡ್ತಿದ್ದ.

ಸೆಪ್ಟೆಂಬರ್ 2, ರಾತ್ರಿ ಒಂಬತ್ತೂವರೆ. ಎದುರಾಳಿ ಟಿಸಿಯು, ಹಿಂದಿನ ಸೀಸನ್‌ನ ರನ್ನರ್-ಅಪ್. ನಮ್ಮ ಎಮ್ಮೆಗಳು 45-42ರಲ್ಲಿ ಗೆದ್ದವು! ಶೆಡೂರ್ ಒಬ್ಬನೇ 510 ಗಜ ಪಾಸ್ ಎಸೆದ. ವಾರ್ಡನ್ ಬಂದು ಬಾಗಿಲು ಬಡಿಯುವಷ್ಟು ಕಿರುಚಿದ್ವಿ. ಮುಂದಿನ ವಾರ ನೆಬ್ರಾಸ್ಕಾ ಮೇಲೆ 36-14, ಅದರ ಮುಂದಿನ ವಾರ ಕೊಲೊರಾಡೊ ಸ್ಟೇಟ್ ಮೇಲೆ ಎರಡು ಓವರ್‌ಟೈಮ್ ಆಡಿ 43-35. ಮೂರಕ್ಕೆ ಮೂರು.

ಅದೇ ಮೂರು ವಾರ ನಮ್ಮ ಪ್ಲೇಸ್‌ಮೆಂಟ್ ಸೀಸನ್ನೂ ಶುರುವಾಗಿತ್ತು. ರೂಮಲ್ಲಿ ಇಬ್ಬರು ಸಿಎಸ್, ಒಬ್ಬ ಇಸಿ, ಒಬ್ಬ ಮೆಕ್ಯಾನಿಕಲ್. ಆ ವರ್ಷ ಹೇಗಿತ್ತು ಅಂತ ಸೀನಿಯರ್‌ಗಳನ್ನು ಕೇಳಿ. ಬರಬೇಕಾದ ಕಂಪನಿಗಳೇ ಬರಲಿಲ್ಲ, ಬಂದವು ನೂರು ಜನ ತಗೊಳ್ಳೋ ಕಡೆ ಹತ್ತು ಜನ ತಗೊಂಡವು. ಆದ್ರೂ ಸಿಎಸ್ ಇಬ್ಬರಿಗೆ ಸೆಪ್ಟೆಂಬರ್‌ನಲ್ಲೇ ಆಫರ್ ಆಯ್ತು, ಇಸಿಯವನಿಗೆ ಅಕ್ಟೋಬರ್ ಮೊದಲ ವಾರ. ಉಳಿದವನು ಮೆಕ್ಯಾನಿಕಲ್. ಪ್ರತಿ ಸಲ ಆಪ್ಟಿಟ್ಯೂಡ್ ಟೆಸ್ಟಲ್ಲಿ ಹೆಸರು ಬರದೆ ಅವನು ವಾಪಸ್ ಬಂದಾಗ ನಾವು ತಮಾಷೆ ಮಾಡ್ತಿದ್ವಿ: "ಮಗಾ, ನೀನು ಪೋರ್ಟಲ್‌ಗೆ ಹೆಸರು ಹಾಕು." ಅವನೂ ನಗ್ತಿದ್ದ. ನಕ್ಕಿದ್ದಕ್ಕೇ ನಾವು ಮತ್ತೆ ಮತ್ತೆ ಹೇಳಿದ್ವಿ.

ನಾಲ್ಕನೇ ವಾರ ಒರೆಗಾನ್ 42-6ರಲ್ಲಿ ನಮ್ಮವರನ್ನು ಉರುಳಿಸಿತು. ಹಂಟರ್ ಗಾಯವಾಗಿ ಹೊರಗಿದ್ದ. ಆಮೇಲೆ ಯುಎಸ್‌ಸಿ ವಿರುದ್ಧ 48-41 ಸೋಲು, ಅರಿಜೋನಾ ಸ್ಟೇಟ್ ವಿರುದ್ಧ 27-24 ಗೆಲುವು. ಲೆಕ್ಕ 4-2. ಇನ್ನೆರಡು ಗೆದ್ದರೆ ಆರು. ಆರು ಗೆದ್ದವರಿಗೆ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹತೆ ಸಿಗುತ್ತೆ. ಮುಂದಿನ ಎದುರಾಳಿ ಐದರಲ್ಲಿ ಒಂದೇ ಗೆದ್ದಿದ್ದ ಸ್ಟ್ಯಾನ್‌ಫರ್ಡ್. ಅವರಿಗೂ ಹೊಸ ಕೋಚ್.

ಅಕ್ಟೋಬರ್ 14, ಮಹಾಲಯ ಅಮಾವಾಸ್ಯೆ, ಶನಿವಾರ. ಅವರ ಶುಕ್ರವಾರ ರಾತ್ರಿ ನಮಗೆ ಬೆಳಿಗ್ಗೆ ಏಳೂವರೆ. ಹಾಫ್‌ಟೈಮ್‌ಗೆ 29-0. ಬೌಲ್ಡರ್‌ನ ಅಕ್ಕ ಚಳಿ ಅಂತ ರೂಮಿಗೆ ಹೊರಟಳು. ನಾವು ಮೆಸ್ ಮುಚ್ಚುತ್ತೆ ಅಂತ ಇಡ್ಲಿಗೆ ಹೊರಟ್ವಿ. ಮೆಕ್ಯಾನಿಕಲ್‌ನವನು ಕೂತಲ್ಲೇ ಕೂತಿದ್ದ. ಹಿಂದಿನ ದಿನ ಒಂದು ಕಂಪನಿಯಲ್ಲಿ ಮೂರು ರೌಂಡ್ ದಾಟಿ, ಎಚ್‌ಆರ್ ಕೈಕುಲುಕಿ, ಮನೆಗೆ ಫೋನ್ ಮಾಡಿ ಹೇಳಿಯಾಗಿತ್ತು. ಲಿಸ್ಟ್ ಬರೋದಷ್ಟೇ ಬಾಕಿ.

ನಾವು ಎರಡನೇ ಟೀ ಕುಡಿದು ಬರುವಷ್ಟರಲ್ಲಿ ಸ್ಟ್ಯಾನ್‌ಫರ್ಡ್ ಹುಡುಗರು ಓಡೋಕೆ ಶುರು ಮಾಡಿದ್ದರು. ಆಯೊಮಾನರ್ ಅನ್ನೋ ಒಬ್ಬನೇ ಆ ಪಂದ್ಯದಲ್ಲಿ 294 ಗಜ ಹಿಡಿದ. ಸಮ ಆಯ್ತು, ಓವರ್‌ಟೈಮ್ ಆಯ್ತು, ಎರಡನೇ ಓವರ್‌ಟೈಮಲ್ಲಿ ಶೆಡೂರ್ ಎಸೆದ ಚೆಂಡು ಎದುರಾಳಿ ಕೈಗೆ ಹೋಯ್ತು. ಒಂದು ಫೀಲ್ಡ್ ಗೋಲ್. 46-43. ಯಾರೂ ಮಾತಾಡಲಿಲ್ಲ. ಸಂಜೆ ಕಂಪನಿ ಲಿಸ್ಟ್ ಬಂತು. ಅದರಲ್ಲಿ ನಮ್ಮವನ ಹೆಸರು ಇರಲಿಲ್ಲ.

ಮರುದಿನ ನವರಾತ್ರಿ ಶುರು. ದಸರಾಕ್ಕೆ ನಾವು ಮೂವರೂ ಊರಿಗೆ ಹೋದ್ವಿ. ಅವನು "ಪ್ರಾಜೆಕ್ಟ್ ಇದೆ" ಅಂತ ಹಾಸ್ಟೆಲ್‌ನಲ್ಲೇ ಉಳಿದ. ಯಾವ ಪ್ರಾಜೆಕ್ಟ್ ಅಂತ ನಾವು ಕೇಳಲಿಲ್ಲ. ನಮಗೆ ಗೊತ್ತಿತ್ತು.

ಆಮೇಲೆ ಸೋಲಿನ ಮೇಲೆ ಸೋಲು. ಯುಸಿಎಲ್‌ಎ 28-16. ಒರೆಗಾನ್ ಸ್ಟೇಟ್ 26-19. ನರಕ ಚತುರ್ದಶಿ ರಾತ್ರಿ ಅರಿಜೋನಾ 34-31, ಅದೂ ಸಮಯ ಮುಗಿಯುವ ಕ್ಷಣದ ಕಿಕ್‌ನಲ್ಲಿ. ವಾಷಿಂಗ್ಟನ್ ಸ್ಟೇಟ್ 56-14. ಅದು ಮುಗಿದ ಮರುದಿನವೇ ಅಹಮದಾಬಾದಿನಲ್ಲಿ ವರ್ಲ್ಡ್ ಕಪ್ ಫೈನಲ್. ಸತತ ಹತ್ತು ಗೆದ್ದ ಭಾರತವೂ ಸೋತಿತು. ಕಾಮನ್ ರೂಮಿನ ಟಿವಿ ಆಫ್ ಮಾಡಲು ಯಾರೂ ಏಳಲಿಲ್ಲ. ಕೊನೆಯ ಪಂದ್ಯ ಯುಟಾ ವಿರುದ್ಧ 23-17, ಶೆಡೂರ್ ಆಡಲೇ ಇಲ್ಲ. ಕೊನೆಗೆ 4-8.

ಯಾಕೆ ಸೋತರು ಅನ್ನೋದಕ್ಕೆ ದೊಡ್ಡ ರಹಸ್ಯ ಏನಿಲ್ಲ. ಚೆಂಡು ಎಸೆಯೋನು, ಹಿಡಿಯೋನು ಟಿವಿಯಲ್ಲಿ ಕಾಣ್ತಾರೆ. ಎಸೆಯೋನ ಮುಂದೆ ಗೋಡೆ ಥರ ನಿಲ್ಲೋ ಐದು ಜನ ದಪ್ಪ ಹುಡುಗರು ಯಾರಿಗೂ ಕಾಣಲ್ಲ. ಆ ಗೋಡೆ ಗಟ್ಟಿ ಇರಲಿಲ್ಲ. ಆ ಸೀಸನ್‌ನಲ್ಲಿ ಶೆಡೂರ್‌ನನ್ನು 52 ಸಲ ಚೆಂಡು ಕೈಯಲ್ಲಿದ್ದಾಗಲೇ ಕೆಡವಿದರು. ನಡುವೆ ಆಟದ ಪ್ಲಾನ್ ಹೇಳೋ ಸಹಾಯಕ ಕೋಚ್‌ನ ಕೈಯಿಂದ ಆ ಕೆಲಸ ತೆಗೆದು ಇನ್ನೊಬ್ಬರಿಗೆ ಕೊಟ್ಟರು, ಅದರಿಂದಲೂ ಗೆಲುವು ಬರಲಿಲ್ಲ. ಫೌಂಡೇಶನ್ ಹಾಕದೆ ಮೂರನೇ ಮಹಡಿಗೆ ಗಾಜು ಹಾಕಿದ ಹಾಗೆ ಅಂತ ಪಕ್ಕದ ರೂಮಿನ ಸಿವಿಲ್‌ನವನು ತೀರ್ಪು ಕೊಟ್ಟ.

ಆದರೆ ನಮ್ಮ ತಲೆಯಲ್ಲಿ ಉಳಿದದ್ದು ಇನ್ನೊಂದು ಮಾತು. ಯುಟಾ ಪಂದ್ಯದ ರಾತ್ರಿ, ಎಲ್ಲ ಮುಗಿದ ಮೇಲೆ, ನಮ್ಮ ಮೆಕ್ಯಾನಿಕಲ್ ಗೆಳೆಯ ಕೇಳಿದ: "ಆ 50 ಜನ ಎಲ್ಲಿ ಹೋದ್ರು ಅಂತ ಯಾರಾದ್ರೂ ನೋಡಿದ್ರಾ?"

ನಾವು ನೋಡಿರಲಿಲ್ಲ. ಅವನು ನೋಡಿದ್ದ. ದಸರಾ ರಜೆಯಲ್ಲಿ ಒಬ್ಬನೇ ಕೂತು ಒಂದೊಂದೇ ಹೆಸರು ಹುಡುಕಿದ್ದ. ಕೆಲವರು ದೊಡ್ಡ ತಂಡಗಳಿಗೆ ಸೇರಿದ್ದರು, ಕೆಲವರು ಕೆಳಗಿನ ಡಿವಿಷನ್‌ನ ಕಾಲೇಜುಗಳಿಗೆ. "1-11 ಆದ ವರ್ಷ ಪೆಟ್ಟು ತಿಂದವರು ಅವರು," ಅಂದ. "ಮೊದಲ ಮೂರು ಗೆದ್ದಾಗ ಅವರನ್ನ ಕಳಿಸಿದ್ದೇ ಸರಿ ಅಂದ್ರಿ. ಈಗ ಏನಂತೀರಿ?"

ನಾವು ಏನೂ ಅನ್ನಲಿಲ್ಲ. ಸೋತರು ಅಂತ ಕಳಿಸಿದ್ದು ತಪ್ಪಾಯ್ತು ಅನ್ನೋಕೂ ಆಗಲ್ಲ. 1ರಿಂದ 4ಕ್ಕೆ ಏರಿದ್ದೂ ನಿಜವೇ. ಆದರೆ ಅವನು ಕೇಳಿದ್ದು ಕೊಲೊರಾಡೊ ಬಗ್ಗೆ ಅಲ್ಲ ಅಂತ ಮೂವರಿಗೂ ಗೊತ್ತಾಯ್ತು. ಸೆಪ್ಟೆಂಬರ್‌ನಿಂದ ನಮ್ಮ ರೂಮಲ್ಲಿ ಎರಡು ತಂಡ ಆಗಿತ್ತು. ಆಫರ್ ಇದ್ದವರು ರಾತ್ರಿ ಎರಡರವರೆಗೆ ಮ್ಯಾಚ್ ನೋಡ್ತಿದ್ವಿ. ಬೆಳಿಗ್ಗೆ ಎಂಟಕ್ಕೆ ಟೆಸ್ಟ್ ಇದ್ದವನು ದಿಂಬು ಮುಖಕ್ಕೆ ಹಾಕಿಕೊಂಡು ಮಲಗ್ತಿದ್ದ. ಲೈಟ್ ಆರಿಸಬೇಕು ಅಂತ ನಮಗೆ ಹೊಳೆಯಲೇ ಇಲ್ಲ.

ಕ್ಷಮೆ ಕೇಳೋದು ನಮ್ಮ ಹಾಸ್ಟೆಲ್ ಭಾಷೆಯಲ್ಲಿಲ್ಲ. ಮರುದಿನದಿಂದ ಹನ್ನೊಂದಕ್ಕೆ ಲೈಟ್ ಆಫ್. ಸಿಎಸ್‌ನವರು ಅವನ ಜೊತೆ ಆಪ್ಟಿಟ್ಯೂಡ್ ಮಾಡಿದ್ವಿ, ಇಸಿಯವನು ಮಾಕ್ ಇಂಟರ್‌ವ್ಯೂ ತಗೊಂಡ. ಪೋರ್ಟಲ್ ಅನ್ನೋ ಶಬ್ದ ರೂಮಲ್ಲಿ ಮತ್ತೆ ಕೇಳಲಿಲ್ಲ. ಇದರಿಂದ ಅವನಿಗೆ ಕೆಲಸ ಸಿಕ್ಕಿತು ಅಂತ ಬರೆದರೆ ಕಥೆ ಚಂದ ಇರ್ತಿತ್ತು. ಇವತ್ತಿಗೂ ಸಿಕ್ಕಿಲ್ಲ. ಜೂನ್‌ನಲ್ಲಿ ಎರಡು ಆಫ್-ಕ್ಯಾಂಪಸ್ ಇಂಟರ್‌ವ್ಯೂ ಇವೆ.

ಮುಂದಿನ ವಾರ ರೂಮು ಖಾಲಿ ಮಾಡ್ತೀವಿ. ಈ ಬರಹದ 'ನಾವು'ನಲ್ಲಿ ಅವನೂ ಇದ್ದಾನೆ, ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದಿದ. "ಸೋಲೇ ಗೆಲುವಿನ ಸೋಪಾನ" ಅಂತ ಕೊನೆಗೆ ಒಂದು ಸಾಲು ಹಾಕಿದ್ವಿ. ಅದನ್ನ ಹೊಡೆದು ಹಾಕಿಸಿದ. ಆಮೇಲೆ ಫೋನ್ ತೆಗೆದು ಮುಂದಿನ ಸೀಸನ್‌ನ ವೇಳಾಪಟ್ಟಿ ಹುಡುಕಿದ. ಆಗ ನಾವು ನಾಲ್ಕು ಊರಲ್ಲಿ ಇರ್ತೀವಿ. ಹಾಫ್‌ಟೈಮಲ್ಲಿ ಯಾರೂ ಎದ್ದು ಹೋಗಬಾರದು ಅಂತ ಒಪ್ಪಂದ ಆಗಿದೆ.